ಮೂತಿ ನೆಟ್ಟಗಿರುವ ಕೈಪಂಪಿಗೆ

ಮಾನ್ಯರೇ,

ಬೆಟ್ಟದ ಹಳ್ಳಿಯಿಂದ ಸ್ವಲ್ಪ ಮೇಲೆ, ಕಾಡಿನ ನಡುವಿನ ಬಯಲಿನಲ್ಲಿ, ಒಂದಷ್ಟು ಗುಡಾರಗಳಿಗೂ ಒಂದು ತಗಡಿನ ಶೌಚಾಲಯಕ್ಕೂ ಮಧ್ಯೆ ಒಂಟಿಕಾಲಿನಲ್ಲಿ ನಿಂತು ಸಾರ್ವಜನಿಕ ಸೇವೆ ಸಲ್ಲಿಸುತ್ತಿರುವ ಹಸಿರು ಬಣ್ಣದ ಕೈಪಂಪಾದ ತಮಗೆ, ಹೋದ ವಾರ ಅಲ್ಲಿ ತಂಗಿದ್ದ ಒಂದು ಕುಟುಂಬದ ಹಿರಿಯಳು ಮಾಡುವ ನಮಸ್ಕಾರಗಳು. ತಮ್ಮ ಹಿಡಿಕೆ, ಕೊಳವೆ, ಒಳಗಿನ ತೊಗಲಿನ ವಾಷರು ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಭುಜವೊಂದನ್ನು ಬಿಟ್ಟರೆ ನಾವೂ ಇಲ್ಲಿ ಕ್ಷೇಮ.

ಈ ಪತ್ರವನ್ನು ಬಹಿರಂಗವಾಗಿ ಬರೆಯಲು ಕಾರಣವಿದೆ. ಪಂಪಿಗೆ ಓದಲು ಬರುವುದಿಲ್ಲ ಎಂದು ನನ್ನ ಅಳಿಯ ಹೇಳುತ್ತಾರೆ. ನಾನು ಹೈಸ್ಕೂಲಿನವರೆಗೆ ಓದಿದವಳು. ಓದಲು ಬರುವ ಎಷ್ಟೋ ಅಧಿಕಾರಿಗಳು ನನ್ನ ಪತ್ರಗಳನ್ನು ಓದದೆ ಬಿಟ್ಟಿರುವುದರಿಂದ, ಬಾರದವರಿಗೆ ಬರೆದರೆ ವಿಶೇಷ ನಷ್ಟವೇನಿಲ್ಲವೆಂದು ತಿಳಿದಿದ್ದೇನೆ. ಮುಂದೆ ಅಲ್ಲಿಗೆ ಬರುವವರು ಯಾರಾದರೂ ನೀರು ಹಿಡಿಯುವಾಗ ಇದನ್ನು ತಮ್ಮೆದುರು ಗಟ್ಟಿಯಾಗಿ ಓದಲಿ. ಒಬ್ಬರು ಹಿಡಿಕೆ ಒತ್ತಲಿ, ಇನ್ನೊಬ್ಬರು ಓದಲಿ. ಹೇಗೂ ತಮ್ಮ ಹತ್ತಿರ ಇಬ್ಬರು ಸೇರದೆ ಯಾವ ಕೆಲಸವೂ ಆಗುವುದಿಲ್ಲ, ಮತ್ತು ನನ್ನ ದೂರಿನ ಮೂಲವೇ ಅದು.

ದೂರಿಗೆ ಮೊದಲು ತಮ್ಮ ಶಿಬಿರದ ಬಗ್ಗೆ ಎರಡು ಒಳ್ಳೆಯ ಮಾತು ಹೇಳದಿದ್ದರೆ ಮರ್ಯಾದೆಯಲ್ಲ. ನಾನು ಮನೆ ಬಿಟ್ಟು ಹೊರಗೆ ಮಲಗಿದ್ದು ಕಡಿಮೆ. ಮಲಗಿದ ಕಡೆಗಳಲ್ಲೆಲ್ಲ ಗೋಡೆಗಳಿರುತ್ತಿದ್ದವು. ಅಲ್ಲಿ ಗೋಡೆಯ ಜಾಗದಲ್ಲಿ ಬಟ್ಟೆಯನ್ನೂ ಬಾಗಿಲಿನ ಜಾಗದಲ್ಲಿ ಜಿಪ್ಪನ್ನೂ ಇಟ್ಟು, ಅತಿಥಿಗಳ ಮೇಲೆ ತಮ್ಮವರಿಗಿರುವ ವಿಶ್ವಾಸವನ್ನು ತೋರಿಸಿದ್ದೀರಿ. ಮೊದಲ ಬೆಳಿಗ್ಗೆ ಆ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡು, ನಾನು ಒಳಗೂ ಅಲ್ಲದೆ ಹೊರಗೂ ಅಲ್ಲದೆ, ಮೊಣಕಾಲೂರಿ ತಲೆಯೊಂದನ್ನೇ ಹೊರಗೆ ಚಾಚಿಕೊಂಡು ಇದ್ದ ಭಂಗಿಯನ್ನು ಪಕ್ಕದ ಗುಡಾರದ ದಂಪತಿ ನೋಡಿ, ಈ ವಯಸ್ಸಿನಲ್ಲೂ ಎಷ್ಟು ಶ್ರದ್ಧೆಯಿಂದ ವ್ಯಾಯಾಮ ಮಾಡುತ್ತಾರೆ ಎಂದು ಮೆಚ್ಚಿಕೊಂಡರಂತೆ. ಇನ್ನು ತಮ್ಮ ಮೇಲ್ವಿಚಾರಕರು. ಬಿಸಿಲಲ್ಲೂ ಮಫ್ಲರ್ ಬಿಚ್ಚದ ಆ ಸಜ್ಜನರ ಬಾಯಲ್ಲಿ ಇಲ್ಲ ಎಂಬ ಮಾತೇ ಇಲ್ಲ. ಕರೆಂಟು ಎಂದರೆ “ಬರುತ್ತೆ”. ಮೊಬೈಲಿಗೆ ಸಿಗ್ನಲ್ ಎಂದರೆ “ಬರುತ್ತಮ್ಮ, ಆ ಬಂಡೆ ಮೇಲೆ ನಿಂತ್ಕೊಂಡ್ರೆ ಬರುತ್ತೆ”. ಶೌಚಾಲಯಕ್ಕೆ ಚಿಲಕ ಎಂದರೆ “ಹೇಳಿದ್ದೀನಿ, ಬರುತ್ತೆ”. ಕೊನೆಗೆ ನಾನು ಕರಡಿಯ ವಿಷಯ ಕೇಳಿದಾಗಲೂ ಅದೇ ಮುಖದಲ್ಲಿ, ಅದೇ ಸಮಾಧಾನದಲ್ಲಿ, “ಬರುತ್ತೆ” ಎಂದರು.

ಈಗ ವಿಷಯಕ್ಕೆ ಬರುತ್ತೇನೆ. ನಾವು ಬಂದದ್ದು ನಾಲ್ಕು ಜನ: ನಾನು, ನನ್ನ ಮಗಳು, ಅಳಿಯ, ಮತ್ತು ನನ್ನ ತಂಗಿ. ಕಾರು ತಂಗಿಯ ಮನೆಯ ಮುಂದೆ ನಿಲ್ಲುವವರೆಗೆ ಅವಳೂ ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಬಾಗಿಲು ತೆಗೆಯುವವರೆಗೆ ಒಳಗೆ ನಾನಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಎಲ್ಲ ಗೊತ್ತಿದ್ದದ್ದು ನನ್ನ ಮಗಳಿಗೆ, ಮತ್ತು ಅವಳು ಎದುರಿನ ಕನ್ನಡಿಯಲ್ಲಿ ನನ್ನ ಕಣ್ಣಿಗೆ ಸಿಗದಂತೆ ಬಹಳ ಜಾಗ್ರತೆಯಿಂದ ಗಾಡಿ ಓಡಿಸಿದಳು. ನಾನು ಮತ್ತು ತಂಗಿ ಮಾತು ಬಿಟ್ಟು ವರ್ಷಗಳಾಗಿದ್ದವು.

ಕಾರಣವನ್ನು ತಮ್ಮಂಥ ನೀರಿನ ವ್ಯವಹಾರದವರಿಗೆ ಹೇಳಲು ನನಗೆ ಸಂಕೋಚವಿಲ್ಲ. ನಮ್ಮ ಬೀಗರಾಗಲಿದ್ದವರು ಮೊದಲ ಸಲ ಮನೆಗೆ ಊಟಕ್ಕೆ ಬಂದ ದಿನ, ನಾನು ದೊಡ್ಡ ಪಾತ್ರೆಯನ್ನು ಒಲೆಯಿಂದ ಇಳಿಸಿ ಅವರನ್ನು ಎದುರುಗೊಳ್ಳಲು ಹೊರಗೆ ಹೋದ ಸಮಯ ನೋಡಿ, ನನ್ನ ತಂಗಿ ಒಂದು ಸೌಟು ರುಚಿ ನೋಡಿ, ನನ್ನನ್ನು ಕೇಳದೆ, ಕೂಗಿ ಕರೆಯದೆ, ಅದಕ್ಕೆ ಒಂದು ಚೊಂಬು ನೀರು ಸುರಿದಳು. ಅಷ್ಟನ್ನು ನಾನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆದರೆ ಬೀಗರು ಎರಡನೇ ಸಲ ಬಡಿಸಿಕೊಂಡು ಹೊಗಳುತ್ತಿದ್ದಾಗ ಅವಳು ಎಲ್ಲರೆದುರು, “ನಮ್ಮಕ್ಕನ ಕೈ ಉಪ್ಪಿನ ವಿಷಯದಲ್ಲಿ ಸ್ವಲ್ಪ ಧಾರಾಳ, ನಾನೇ ನೀರು ಹಾಕಿ ಸರಿ ಮಾಡ್ದೆ” ಎಂದಳು. ಅವತ್ತು ತಟ್ಟೆಯ ಮುಂದೆ ಕೂತಿದ್ದ ಹುಡುಗನೇ ಇವತ್ತು ನನ್ನ ಅಳಿಯ. “ನೀವು ಉಂಡವರು, ನೀವೇ ಹೇಳಿ, ಉಪ್ಪು ಜಾಸ್ತಿ ಇತ್ತಾ?” ಎಂದು ನಾನು ಎಷ್ಟು ಸಲ ಕೇಳಿದರೂ, “ಅತ್ತೆ, ಊಟ ಚೆನ್ನಾಗಿತ್ತು” ಎಂದಷ್ಟೇ ಹೇಳಿ ಬೇರೆ ಕೋಣೆಗೆ ಹೋಗುತ್ತಾರೆ.

ನಮ್ಮ ಮನೆಯಲ್ಲಿ ಮಾತು ಬಿಡುವುದೆಂದರೆ ಮಾತು ನಿಲ್ಲಿಸುವುದು ಎಂದರ್ಥವಲ್ಲ. ಮಾತು ನಡುವೆ ಇರುವ ಒಬ್ಬರ ಮೂಲಕ ಹೋಗುತ್ತದೆ, ಅಷ್ಟೇ. ಕಾರಿನಲ್ಲಿ ಆ ಹುದ್ದೆ ಅಳಿಯನಿಗೆ ಬಂತು. ಮುಂದಿನ ಸೀಟನ್ನು ಗುಡಾರದ ಸಾಮಾನು ಹಿಡಿದಿದ್ದರಿಂದ, ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ಮಧ್ಯೆ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು, ಅವರು ಎರಡೂ ಕಡೆಯ ಸುದ್ದಿಯನ್ನು ಸಾಗಿಸುತ್ತಿದ್ದರು. ಆದರೆ ಅವರಿಗೆ ಒಂದು ಕೆಟ್ಟ ಚಾಳಿ: ಸಾಗಿಸುವಾಗ ಸಕ್ಕರೆ ಬೆರೆಸುತ್ತಾರೆ. ನಾನು “ಕೆಲವರು ಬ್ಯಾಗಿಗೆ ಕಲ್ಲು ತುಂಬ್ಕೊಂಡು ಬಂದು ಬೇರೆಯವರ ಕಾಲ ಮೇಲೆ ಇಡ್ತಾರೆ ಅಂತ ಹೇಳಿ” ಎಂದರೆ, ಅವರು ಆ ಕಡೆ ತಿರುಗಿ “ಚಿಕ್ಕತ್ತೆ, ನಿಮ್ಮ ಬ್ಯಾಗು ಗಟ್ಟಿಮುಟ್ಟಾಗಿದೆ ಅಂತಾರೆ ಅತ್ತೆ” ಎನ್ನುತ್ತಿದ್ದರು. ಅವಳು ಮೂಗು ಮುರಿದು ಏನೋ ಗೊಣಗಿದರೆ, ನನಗೆ ತಲುಪುತ್ತಿದ್ದದ್ದು “ಥ್ಯಾಂಕ್ಸ್ ಅಂತೆ”. ಇಂಥ ಮಧ್ಯಸ್ಥಿಕೆಯಿಂದ ಯಾವ ಜಗಳ ತಾನೇ ಸರಿಯಾಗಿ ನಡೆದೀತು?

ಮಗಳು ನಮ್ಮನ್ನು ಈ ಹೊತ್ತಿನಲ್ಲೇ ಒಟ್ಟಿಗೆ ತುಂಬಿಕೊಂಡು ಹೊರಟದ್ದಕ್ಕೆ ಒಂದು ಕಾರಣವಿತ್ತು. ತಂಗಿಯ ಎರಡು ಕಣ್ಣಿಗೂ ಪೊರೆ ಬಂದಿದೆ, ಒಂದಕ್ಕೆ ಈ ವಾರ ಆಪರೇಷನ್ ಎಂದು ನಿಗದಿಯಾಗಿತ್ತು. ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ. ಜೊತೆಗೆ ಮನೆಯವರು ಒಬ್ಬರು ಇರಲೇಬೇಕೆಂದು ಡಾಕ್ಟರು ಹೇಳಿದ್ದಕ್ಕೆ, ಇವಳು ಯಾರನ್ನೂ ಕರೆಯದೆ, ಏನೋ ನೆಪ ಹೇಳಿ ಆಗಲೇ ಎರಡು ಸಲ ದಿನ ಮುಂದೂಡಿದ್ದಳು. ಇನ್ನೂ ತಡ ಮಾಡಿದರೆ ಕಣ್ಣಿಗೆ ಕಷ್ಟ ಎಂದು ಡಾಕ್ಟರು ಬೈದಿದ್ದರಂತೆ. “ಬಾಯಿಬಿಟ್ಟು ಕೇಳಿದ್ರೆ ನಾನು ಹೋಗಲ್ಲ ಅಂತೀನಾ?” ಎಂದು ನಾನು ಮಗಳಿಗೆ ಹೇಳಿದ್ದೆ. “ಅವಳಾಗಿ ಬಂದ್ರೆ ನಾನು ಬೇಡ ಅಂತೀನಾ?” ಎಂದು ಅವಳೂ ಹೇಳಿದ್ದಳಂತೆ. ಎರಡು ಕಡೆಯ ಮಾತೂ ಮಗಳ ಹತ್ತಿರ ಬಂದು ಕೂತಿತ್ತು. ಮುಂದಕ್ಕೆ ಹೋಗುವ ಲಕ್ಷಣವಿರಲಿಲ್ಲ.

ಮಾನ್ಯರೇ, ಇಂಥ ಪರಿಸ್ಥಿತಿಯಲ್ಲಿ ಎರಡನೇ ಬೆಳಿಗ್ಗೆ ನಾನು ತಮ್ಮ ಬಳಿಗೆ ಬಂದೆ. ತಮ್ಮ ಕೊರಳಿಗೆ ತಂತಿಯಲ್ಲಿ ಒಂದು ತಗಡಿನ ಡಬ್ಬಿ ತೂಗುತ್ತಿತ್ತು. ಡಬ್ಬಿಯಲ್ಲಿ ನೀರು, ನೀರಿನ ಮೇಲೆ ಒಂದು ಒಣಗಿದ ಎಲೆ, ಎಲೆಯ ಮೇಲೆ ಒಂದು ಹುಳು ಆರಾಮವಾಗಿ ಕೂತಿತ್ತು. ನಿಂತ ನೀರು ಕಂಡರೆ ಚೆಲ್ಲದೆ, ಕರಿ ಹಿಡಿದ ಪಾತ್ರೆ ಕಂಡರೆ ಉಜ್ಜದೆ ನಾನು ಮುಂದಕ್ಕೆ ಹೆಜ್ಜೆ ಇಟ್ಟವಳಲ್ಲ. ನೀರನ್ನು ಗಿಡದ ಬುಡಕ್ಕೆ ಚೆಲ್ಲಿದೆ. ಒಲೆಯ ಬೂದಿ ತಂದು ಡಬ್ಬಿಯನ್ನು ಒಳಗೂ ಹೊರಗೂ ತಿಕ್ಕಿದೆ. ನಮ್ಮ ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನೆಲ್ಲ ಸುರಿದು ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿದೆ. ಡಬ್ಬಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆಮೇಲೆ ನಾನು ತಮ್ಮ ಹಿಡಿಕೆ ಒತ್ತಿದರೆ ತಾವು ಮಾಡಿದ್ದೇನು? ಮುದುಕರು ನಿದ್ದೆಯಲ್ಲಿ ಗೊರಕೆ ಹೊಡೆದ ಹಾಗೆ ಶಬ್ದ ಮಾಡಿದಿರಿ, ಅಷ್ಟೇ.

ಮೊದಲು ತಲೆಯ ಮೇಲೆ ಒಂದು ಡಬ್ಬಿ ನೀರು ಸುರಿದು ವಾಷರನ್ನು ನೆನೆಸಿದರೆ ಮಾತ್ರ ತಾವು ನೀರು ಕೊಡುವಿರೆಂದೂ, ಆದ್ದರಿಂದ ಕೊನೆಗೆ ನೀರು ಹಿಡಿದವರು ಮುಂದಿನವರಿಗಾಗಿ ಡಬ್ಬಿ ತುಂಬಿಸಿಡಬೇಕೆಂದೂ ಮಫ್ಲರಿನವರು ಬಂದ ದಿನವೇ ಹೇಳಿದ್ದರಂತೆ. ಹೇಳಿರಬಹುದು, ಆಗ ನಾನು ಶೌಚಾಲಯದ ಚಿಲಕ ಹುಡುಕುತ್ತಿದ್ದೆ. ಆದರೂ ತಮ್ಮ ಪದ್ಧತಿಯನ್ನು ಮೆಚ್ಚದೆ ಇರಲಾರೆ. ನೀರು ಬೇಕೆಂದು ಬಂದವರ ಹತ್ತಿರವೇ ಮೊದಲು ನೀರು ಕೇಳುವ ಈ ಕ್ರಮವನ್ನು ನಾನು ದೊಡ್ಡ ದೊಡ್ಡ ಕಚೇರಿಗಳಲ್ಲಿ ಮಾತ್ರ ಕಂಡಿದ್ದೆ. ಕಾಡಿನ ಮಧ್ಯೆ, ಯಾರ ತರಬೇತಿಯೂ ಇಲ್ಲದೆ, ತಾವೊಬ್ಬರೇ ಅದನ್ನು ಕಲಿತಿರುವುದು ಸಾಮಾನ್ಯ ವಿಷಯವಲ್ಲ.

ಶಿಬಿರದಲ್ಲಿ ಒಂದು ತೊಟ್ಟು ನೀರಿಲ್ಲವೆಂದು ತಿಳಿದಾಗ ನನ್ನ ಮಗಳು ನನ್ನನ್ನೂ ಹೊಳೆಯುವ ಡಬ್ಬಿಯನ್ನೂ ನೋಡಿ, “ಅಮ್ಮಾ...” ಎಂದು ಶುರು ಮಾಡಿ, ಅಲ್ಲಿಗೇ ಬಿಟ್ಟು ಹಳ್ಳಿಗೆ ಹೊರಟಳು. ಮಫ್ಲರಿನವರ ಮನೆ ಹಳ್ಳಿಯಲ್ಲೇ. ಅವರನ್ನು ಕರೆತರಲು ಒಬ್ಬರು ಸಾಕಾಗಿತ್ತು, ಅಳಿಯನೂ ಹೊರಟರು. ಬ್ರೆಡ್ಡು ತರಬೇಕು ಎಂದರು. ಪಕ್ಕದ ಗುಡಾರದ ದಂಪತಿ ಆಗಲೇ ಬೆಟ್ಟ ಹತ್ತಲು ಹೋಗಿದ್ದರು. ಹಾಗಾಗಿ ಉಳಿದದ್ದು ನಾನು, ಖಾಲಿ ಬಕೆಟ್ಟು ಹಿಡಿದುಕೊಂಡು ಬಂದ ತಂಗಿ, ಮತ್ತು ತಾವು.

ತಂಗಿ ಸ್ವಲ್ಪ ಹೊತ್ತು ತಮ್ಮನ್ನು ನೋಡಿದಳು. ಆಮೇಲೆ ಗುಡಾರಕ್ಕೆ ಹೋಗಿ, ತನ್ನ ಮಾತ್ರೆಗೆಂದು ಮನೆಯಿಂದ ಕಾಯಿಸಿ ತಂದು ಬ್ಯಾಗಿನ ತಳದಲ್ಲಿ ಇಟ್ಟುಕೊಂಡಿದ್ದ ನೀರಿನ ಬಾಟಲಿಯನ್ನು ತಂದು, ನನ್ನನ್ನು ಕೇಳದೆ, ಒಂದು ಮಾತು ಹೇಳದೆ, ಅಷ್ಟನ್ನೂ ತಮ್ಮ ತಲೆಯ ಮೇಲೆ ಸುರಿದಳು. ಕೇಳದೆ ನೀರು ಸುರಿಯುವುದು ಅವಳ ಹುಟ್ಟುಗುಣ ಎಂದು ನಾನು ಬೀಗರ ಊಟದ ದಿನದಿಂದ ಹೇಳಿಕೊಂಡು ಬಂದದ್ದಕ್ಕೆ ತಾವು ಈಗ ಸಾಕ್ಷಿ. ಆದರೆ ಸುರಿಯುತ್ತಿದ್ದಾಗ ಯಾರಾದರೂ ಹಿಡಿಕೆ ಒತ್ತಲೇಬೇಕಿತ್ತು, ಇಲ್ಲದಿದ್ದರೆ ಆ ನೀರೂ ನಷ್ಟ. ಬೇರೆ ಯಾರೂ ಇರಲಿಲ್ಲ. ನಾನು ಒತ್ತಿದೆ. ತಾವು ಕೆಮ್ಮಿದಿರಿ, ಕಿರುಚಿದಿರಿ, ಆಮೇಲೆ ನಾಚಿಕೆಯಿಲ್ಲದೆ ದಬದಬನೆ ನೀರು ಸುರಿಸಿದಿರಿ.

ಇಲ್ಲಿಂದ ಮುಂದೆ ನಡೆದದ್ದಕ್ಕೆ ತಾವೇ ಜವಾಬ್ದಾರರು. ಒತ್ತುವುದು ನಿಂತ ತಕ್ಷಣ ತಮ್ಮ ನೀರೂ ನಿಲ್ಲುವುದರಿಂದ ಒಬ್ಬರು ಒತ್ತುತ್ತಲೇ ಇರಬೇಕು, ಇನ್ನೊಬ್ಬರು ಬಕೆಟ್ಟು ಹಿಡಿಯಬೇಕು. ಇಬ್ಬರು ಸೇರಿ ಕೆಲಸ ಮಾಡುವಾಗ ಬಾಯಿ ಮುಚ್ಚಿಕೊಂಡಿರುವುದು ನಮ್ಮ ವಂಶದಲ್ಲಿಲ್ಲ. ಮಧ್ಯೆ ಅಳಿಯನಿರಲಿಲ್ಲ. ಅವರ ಜಾಗದಲ್ಲಿ ನೆಟ್ಟಗೆ ನಿಂತಿದ್ದವರು ತಾವೊಬ್ಬರೇ. ಬಕೆಟ್ಟಿನ ಹೊರಗೆ ನೀರು ಹೋಗುತ್ತಿದ್ದುದನ್ನು ನೋಡಲಾರದೆ ನಾನು, “ಪಂಪೇ, ನೀರು ಮಣ್ಣಿಗೆ ಹೋಗ್ತಿದೆ ಅಂತ ಹೇಳು ಅವ್ರಿಗೆ” ಎಂದೆ. “ಪಂಪೇ, ಸ್ವಲ್ಪ ನಿಧಾನ ಒತ್ತೋಕೆ ಹೇಳು. ಇಲ್ಲೇನು ಬೆಂಕಿ ಬಿದ್ದಿಲ್ಲ” ಎಂದಳು ಅವಳು.

ಇಲ್ಲಿ ತಮ್ಮ ಗುಣವನ್ನು ಹೊಗಳಲೇಬೇಕು. ನನ್ನ ಮಾತನ್ನು ತಾವು ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಆ ಕಡೆ ತಲುಪಿಸಿದಿರಿ. ಸಕ್ಕರೆ ಬೆರೆಸಲಿಲ್ಲ. ನಡುವೆ ಬ್ರೆಡ್ಡು ತರಲು ಹೋಗಲಿಲ್ಲ.

ಬಕೆಟ್ಟು ಮತ್ತೆ ಪಕ್ಕಕ್ಕೆ ಸರಿದಿತ್ತು. ನೀರು ಮತ್ತೆ ಅಂಚಿಗೆ ಬಡಿದು ಅವಳ ಕಾಲಿನ ಮೇಲೆ ಹೋಯಿತು. ನಾನು “ಪಂಪೇ, ನೆಟ್ಟಗೆ ಹಿಡಿಯೋಕೆ ಏನು ಕಷ್ಟ ಅಂತ ಕೇಳು” ಎಂದೆ. ಅವಳು ಒಂದು ಕೈಯನ್ನು ಮುಂದಕ್ಕೆ ಚಾಚಿ, ಬೀಳುತ್ತಿದ್ದ ನೀರನ್ನು ಬೆರಳಿನಿಂದ ಮುಟ್ಟಿ, ಅದರ ಗುರುತಿನ ಮೇಲೆ ಬಕೆಟ್ಟನ್ನು ಎಳೆದುಕೊಂಡು ಬಂದು ಅದರ ಕೆಳಗಿಟ್ಟಳು. ಕತ್ತಲೆಯಲ್ಲಿ ಸ್ವಿಚ್ಚು ಹುಡುಕುವವರ ಹಾಗೆ. ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ನಾವು ಚಿಕ್ಕವರಿದ್ದಾಗ ನಮ್ಮಮ್ಮ ಸೂಜಿಗೆ ದಾರ ಪೋಣಿಸಲು ನನ್ನನ್ನು ಬಿಟ್ಟು ಅವಳನ್ನೇ ಕರೆಯುತ್ತಿದ್ದರು.

ಆಗ ನಾನು ತಮ್ಮ ಬಗ್ಗೆ ಒಂದು ಮಾತು ಆಡಿದೆ. “ಥೂ, ಈ ಪಂಪಿನ ಮೂತಿಯೇ ಓರೆ, ಯಾರು ಹಿಡಿದರೂ ಹೀಗೇ” ಎಂದು ಜೋರಾಗಿ ಬೈದೆ. ತಾವು ಸುಮ್ಮನೆ ಕೇಳಿಕೊಂಡಿರಿ. ಈ ಬಹಿರಂಗ ಪತ್ರದ ಮೂಲಕ ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತಮ್ಮ ಮೂತಿ ನೆಟ್ಟಗೇ ಇದೆ.

ಬಕೆಟ್ಟು ಅರ್ಧ ತುಂಬುವವರೆಗೆ ಒತ್ತಿದೆ. ಆಮೇಲೆ ನಾನು, “ಪಂಪೇ, ಯಾರದ್ದೋ ಕಣ್ಣಿನ ಆಪರೇಷನ್ ಅಂತ ಸುದ್ದಿ ಇತ್ತು. ಜೊತೆಗೆ ಯಾರು ಇರ್ತಾರಂತೆ ಕೇಳು” ಎಂದೆ. “ಆಸ್ಪತ್ರೆಯಲ್ಲಿ ನರ್ಸುಗಳು ಇರ್ತಾರೆ ಅಂತ ಹೇಳು” ಎಂದಳು. “ನರ್ಸಿಗೆ ಇವರೊಬ್ಬರೇನಾ ಅಂತ ಕೇಳು.” “ಯಾರಿಗೂ ತೊಂದರೆ ಕೊಡೋ ಅಭ್ಯಾಸ ಇಲ್ಲ ಅಂತ ಹೇಳು.” “ಅಡುಗೆಮನೆಯಲ್ಲಿ ಮಾತ್ರ ಇತ್ತು ಅಂತ ಹೇಳು” ಎಂದೆ ನಾನು. ಅವಳು ನಕ್ಕಳೋ, ತಮ್ಮ ಹಿಡಿಕೆ ಕಿರುಗುಟ್ಟಿತೋ, ನನಗೆ ಸರಿಯಾಗಿ ತಿಳಿಯಲಿಲ್ಲ. ನಾನು ಇನ್ನೆರಡು ಸಲ ಒತ್ತಿ, “ಪಂಪೇ, ಆ ದಿನ ನನಗೆ ಆಸ್ಪತ್ರೆ ಕಡೆ ಬೇರೇನೋ ಕೆಲಸ ಇದೆ. ಹಾಗೇ ಒಳಗೆ ಬಂದು ಕೂತ್ಕೊಂಡ್ರೆ ಯಾರಿಗಾದ್ರೂ ಅಡ್ಡಿ ಆಗುತ್ತಾ ಅಂತ ಕೇಳು” ಎಂದೆ. ನನಗೆ ಆ ಕಡೆ ಯಾವ ಕೆಲಸವೂ ಇರಲಿಲ್ಲವೆಂದು ತಮಗೆ ಗೊತ್ತಾಗಿದ್ದರೂ ತಾವು ಮುಖ ಬದಲಾಯಿಸಲಿಲ್ಲ. ಅವಳು ಬಕೆಟ್ಟಿನ ಅಂಚನ್ನು ಬೆರಳಿನಿಂದ ತಡವಿ ಸರಿಪಡಿಸುತ್ತಾ, “ಬೆಳಿಗ್ಗೆ ಬೇಗ ಬರಬೇಕಾಗುತ್ತೆ ಅಂತ ಹೇಳು” ಎಂದಳು.

ಅಷ್ಟು ಕೇಳಿಸಿಕೊಂಡ ನಾನು ಒತ್ತುತ್ತಿದ್ದ ಕೈಯನ್ನು ಹಾಗೇ ಬಿಟ್ಟುಬಿಟ್ಟೆ. ತಮ್ಮ ಕಬ್ಬಿಣದ ಹಿಡಿಕೆ ಸರ್ರನೆ ಮೇಲಕ್ಕೆ ಹಾರಿತು. “ಅಕ್ಕಾ, ಮುಖ!” ಎಂದು ಅವಳು ಕೂಗಿದಳು. ನಾನು ಹಿಂದಕ್ಕೆ ಸರಿದದ್ದರಿಂದ ಗದ್ದ ಉಳಿಯಿತು, ಭುಜಕ್ಕೆ ಬಿತ್ತು. ನೋವಿನಲ್ಲಿ ನಾನು “ನೋಡಿದೆ ಕಣೇ!” ಎಂದೆ. ಎದುರಿಗಿರುವ ಬಕೆಟ್ಟು ಕಾಣದವಳಿಗೆ ನನ್ನ ಮುಖಕ್ಕೆ ಬರುತ್ತಿದ್ದ ಹಿಡಿಕೆ ಹೇಗೆ ಕಾಣಿಸಿತು ಎಂಬುದು ನನಗೆ ಈಗಲೂ ತಿಳಿಯದು. ತಮಗೆ ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ.

ಮಗಳೂ ಅಳಿಯನೂ ಮಫ್ಲರಿನವರನ್ನು ಕರೆದುಕೊಂಡು ಬರುವ ಹೊತ್ತಿಗೆ ಬಕೆಟ್ಟು ತುಂಬಿತ್ತು, ಡಬ್ಬಿಯೂ ತುಂಬಿ ಕೊರಳಿನಲ್ಲಿ ತೂಗುತ್ತಿತ್ತು, ನಾವಿಬ್ಬರೂ ಜಗಳವಾಡುತ್ತಿದ್ದೆವು. ಜಗಳ ಈಗಲೂ ಮುಗಿದಿಲ್ಲ, ಮತ್ತು ನನ್ನ ನಿಜವಾದ ದೂರು ಇದೇ. ಇಷ್ಟು ವರ್ಷ ನಾನಾಗಿ ಮಾತಾಡಿಸುವುದಿಲ್ಲವೆಂದು ಪಟ್ಟು ಹಿಡಿದು ಕೂತವಳು ನಾನು. ಅಂದು ಮೊದಲು ಮಾತಾಡಿದ್ದು ಅವಳು: “ಅಕ್ಕಾ, ಮುಖ”. ಆದರೆ ಅವಳ ವಾದ ಬೇರೆ. ಅದು ಮಾತಲ್ಲ, ಎಚ್ಚರಿಕೆ. ಬೀದಿಯಲ್ಲಿ ಗುರುತಿಲ್ಲದವರಿಗೂ ಹಾಗೆ ಕೂಗುತ್ತಾರೆ. “ಕಣೇ” ಎಂದು ಸಲಿಗೆಯಿಂದ ಕರೆದ ನಿನ್ನದೇ ಮೊದಲ ಮಾತು ಎನ್ನುತ್ತಾಳೆ. ಅಳಿಯನನ್ನು ಕೇಳಿದರೆ “ಅತ್ತೆ, ನೀರು ಚೆನ್ನಾಗಿತ್ತು” ಎನ್ನುತ್ತಾರೆ. ಸ್ಥಳದಲ್ಲಿದ್ದವರು ತಾವೊಬ್ಬರೇ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟು. ಮೊದಲು ಬಾಯಿಬಿಟ್ಟವಳು ತಂಗಿಯೇ ಎಂದು ಒಂದು ಪ್ರಮಾಣಪತ್ರವನ್ನು, ತುಕ್ಕು ತಾಗದಂತೆ, ಕಳಿಸಿಕೊಡಬೇಕು. ತಮ್ಮಿಂದ ಸಾಧ್ಯವಾದರೆ ನಮ್ಮೂರಿಗೆ ವರ್ಗ ಮಾಡಿಸಿಕೊಂಡು ಬಂದು, ಅವಳ ಮನೆಗೂ ನನ್ನ ಮನೆಗೂ ಮಧ್ಯದ ರಸ್ತೆಯಲ್ಲಿ ನಿಲ್ಲಬೇಕು. ನಿಲ್ಲಲು ಜಾಗ ನಾನು ನೋಡಿಟ್ಟಿದ್ದೇನೆ. ಅದಾಗದಿದ್ದರೆ ಈ ಆಸ್ಪತ್ರೆಗಾದರೂ ಬರಬೇಕು. ನಾನು ಇದನ್ನು ಬರೆಯುತ್ತಿರುವುದು ಇಲ್ಲಿಂದಲೇ, ತಂಗಿಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು. ಆಪರೇಷನ್ ಆಯಿತು, ಕಣ್ಣಿಗೆ ಪಟ್ಟಿ ಹಾಕಿದ್ದಾರೆ, ಅಲುಗಾಡಬೇಡ ಎಂದಿದ್ದಾರೆ, ಅಲುಗಾಡುತ್ತಿದ್ದಾಳೆ. ಹೊರಗೆ ಕಾರಿಡಾರಿನಲ್ಲಿ ಒಂದು ಕುಡಿಯುವ ನೀರಿನ ಯಂತ್ರವಿದೆ. ಗುಂಡಿ ಒತ್ತಿದರೆ ನೀರು, ಒಬ್ಬರೇ ಹೋಗಿ ಹಿಡಿದುಕೊಂಡು ಒಬ್ಬರೇ ಬರಬಹುದು. ಅಂಥ ಯಂತ್ರದ ಪಕ್ಕದಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡದೆ ನಿಂತಿರುತ್ತಾರೆ. ತಾವು ಬಂದು ಅದಕ್ಕೆ ನಾಲ್ಕು ಮಾತು ಬುದ್ಧಿ ಹೇಳಿದರೆ ಉಪಕಾರವಾಗುತ್ತದೆ.

ಇನ್ನೊಂದು ಕಣ್ಣಿನ ಆಪರೇಷನ್ನಿಗೂ ಡಾಕ್ಟರು ದಿನ ಕೊಟ್ಟಿದ್ದಾರೆ. ಆ ದಿನವೂ ನನಗೆ ಈ ಕಡೆ ಕೆಲಸವಿರುತ್ತದೆ.

ತಮ್ಮ ಹಿಡಿಕೆಯ ಪೆಟ್ಟನ್ನು ಭುಜದಲ್ಲಿ ಇಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಡಬ್ಬಿ ಬೆಳಗಿದವಳು

ತಾ.ಕ.: ಕಣ್ಣಿಗೆ ಪಟ್ಟಿ ಇರುವುದರಿಂದ ಈ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ತಂಗಿಗೆ ನಾನೇ ಓದಿ ಹೇಳಿದೆ. ತುಟಿ ಬಿಗಿದುಕೊಂಡು ಎಲ್ಲ ಕೇಳಿಸಿಕೊಂಡಳು. ಹೇಗಿದೆ ಎಂದು ಕೇಳಿದ್ದಕ್ಕೆ, “ಚೆನ್ನಾಗಿದೆ ಅಕ್ಕ. ಉಪ್ಪು ಸ್ವಲ್ಪ ಮುಂದಾಯ್ತು, ಒಂದು ಚೊಂಬು ನೀರು ಹಾಕು” ಎಂದಳು. ಹಾಕಿಲ್ಲ. ಇದ್ದ ಹಾಗೇ ಕಳಿಸುತ್ತಿದ್ದೇನೆ.